ರಾ ಫೋಟೋಗೆ ಕಚ್ಚಾ ಅನ್ನೋದಾ, ಹಸಿ ಅನ್ನೋದಾ?

ಎಲ್ರಿಗೂ ನಮಸ್ಕಾರ. ದಾವಣಗೆರೇಲಿ ಹೊಸದಾಗಿ ಕ್ಯಾಮೆರಾ ಹಿಡಿದಿರೋ ನಮ್ಮ ಓಣಿ ಹುಡುಗರಿಗೆ ಅಂತ ಕನ್ನಡದಲ್ಲಿ ನಾಕು ಪುಟ ಟಿಪ್ಪಣಿ ಬರೀತಿದ್ದೀನಿ, ಮೊದಲ ಸಾಲಲ್ಲೇ ಸಿಕ್ಕಾಕೊಂಡೆ. ರಾ ಫೈಲ್‌ಗೆ, ಅಂದ್ರೆ ಕ್ಯಾಮೆರಾ ಸೆನ್ಸರಿಗೆ ಬಿದ್ದ ಬೆಳಕಿನ ಲೆಕ್ಕವನ್ನ ತಿದ್ದದೇ ಹಂಗೇ ಬರೆದಿಟ್ಟ ಫೈಲಿಗೆ, ಏನನ್ನೋದು? ಸುಮ್ನೆ ರಾ ಅಂತ ಬರೆದ್ರೆ ನಮ್ಮ ಲಿಪೀಲಿ ಒಂಟಿ ಅಕ್ಷರ, ಅಚ್ಚಿನ ತಪ್ಪಿರಬೇಕು ಅಂತ ಓದೋರು ಮುಂದಕ್ಕೆ ಹೋಗ್ತಾರೆ, ಇಲ್ಲಾ ಗೂಢಚಾರರ ನೆನಪಾಗುತ್ತೆ. ಇಂಗ್ಲಿಷಲ್ಲಿ ಮೂರೂ ಅಕ್ಷರ ದೊಡ್ಡದಾಗಿ ಬರೆಯೋದ್ರಿಂದ ಇದ್ಯಾವುದೋ ಸಂಕ್ಷೇಪ ಅಂದ್ಕೊಂಡೋರೂ ಇದಾರೆ. ಅಲ್ಲ, ಬೇಯಿಸದೇ ಇರೋದಕ್ಕೆ ಅವರು ಹೇಳೋ ಸಾದಾ ಪದ ಅಷ್ಟೇ.

ಇದು ತಲೇಲಿ ಹೊಕ್ಕಿದ್ದು ಚಿತ್ರದುರ್ಗದ ಕೋಟೇಲಿ. ಅಕ್ಕನ ಮಗನ ಜೊತೆ ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿದ್ವಿ, ಓಬವ್ವನ ಕಿಂಡಿ ಹತ್ರ ಎಳೆಬಿಸಿಲು ಬಂಡೆ ಮೇಲೆ ಬಿದ್ದಿತ್ತು, ಅವನು ರಾ ಇಟ್ಕೊಂಡು ಮೂವತ್ತು ನಲವತ್ತು ತೆಗೆದ. ಕ್ಯಾಮೆರಾ ಹಿಂದಿನ ಸ್ಕ್ರೀನಲ್ಲಿ ನೋಡಿದ್ರೆ ಬಂಡೆಗಳೆಲ್ಲ ಅಚ್ಚುಬೆಲ್ಲದ ಬಣ್ಣ, ಆಕಾಶ ಗಟ್ಟಿ ನೀಲಿ. ಮನೆಗೆ ಬಂದು ಫೋಟೋ ತಿದ್ದೋ ಸಾಫ್ಟ್‌ವೇರ್ ಲೈಟ್‌ರೂಮಿಗೆ ಹಾಕಿದ್ವಿ, ಒಂದು ಕ್ಷಣ ಅದೇ ಬಣ್ಣ ಕಾಣ್ತು, ಆಮೇಲೆ ನೋಡ್ತಾ ನೋಡ್ತಾನೇ ಬೂದಿ ಬಳಿದಂಗಾಯ್ತು. "ಮಾಮಾ, ಕಾರ್ಡ್ ಕೆಟ್ಟೈತೆ" ಅಂದ ಹುಡುಗ.

ಕಾರ್ಡ್ ಏನೂ ಕೆಟ್ಟಿರಲಿಲ್ಲ. ಕ್ಯಾಮೆರಾ ನಮಗೆ ತೋರಿಸಿದ್ದು ರಾ ಅಲ್ವೇ ಅಲ್ಲ. ರಾ ಫೈಲಿನ ಹೊಟ್ಟೆಯೊಳಗೇ ಒಂದು ಚಿಕ್ಕ ಜೆಪೆಗ್ (ನಾವು ದಿನಾ ನೋಡೋ ತಯಾರಾದ ಫೋಟೋ ಫೈಲು) ಇರುತ್ತೆ, ಕ್ಯಾಮೆರಾ ತನ್ನ ರುಚಿಗೆ ತಕ್ಕಂಗೆ ಕಾಂಟ್ರಾಸ್ಟು ಬಣ್ಣ ಶಾರ್ಪ್‌ನೆಸ್ಸು ಎಲ್ಲ ಸೇರಿಸಿ ಅಟ್ಟಿಟ್ಟ ಸ್ಯಾಂಪಲ್ಲು, ಹಿಂದಿನ ಸ್ಕ್ರೀನಲ್ಲಿ ಕಾಣೋದು ಅದು. ಅಲ್ಲಿ ಕಾಣೋ ಹಿಸ್ಟೋಗ್ರಾಮೂ, ಅಂದ್ರೆ ಕತ್ತಲು ಬೆಳಕು ಎಷ್ಟೆಷ್ಟು ಅಂತ ತೋರಿಸೋ ನಕ್ಷೆಯೂ, ಅದರದ್ದೇ. ಈ ರುಚಿಗೆ ನಿಕಾನ್‌ನೋರು ಪಿಕ್ಚರ್ ಕಂಟ್ರೋಲ್ ಅಂತಾರೆ, ಕ್ಯಾನನ್‌ನೋರು ಪಿಕ್ಚರ್ ಸ್ಟೈಲ್ ಅಂತಾರೆ, ಫ್ಯೂಜಿಯೋರದ್ದು ಫಿಲ್ಮ್ ಸಿಮ್ಯುಲೇಶನ್. ಲೈಟ್‌ರೂಮ್ ಮೊದಲು ಆ ಸ್ಯಾಂಪಲ್ ತೋರಿಸಿ, ಆಮೇಲೆ ಅದನ್ನ ಪಕ್ಕಕ್ಕಿಟ್ಟು ನಿಜವಾದ ರಾ ತಗೊಂಡು ತನ್ನದೇ ಮಸಾಲೆ ಹಾಕುತ್ತೆ. ವೈಟ್ ಬ್ಯಾಲೆನ್ಸ್ (ಬಿಳಿಯನ್ನ ಬಿಳಿಯಾಗೇ ತೋರಿಸೋ ಲೆಕ್ಕ) ಮಾತ್ರ ಕ್ಯಾಮೆರಾ ಬರೆದಿಟ್ಟಿದ್ದನ್ನ ಓದ್ಕೊಳ್ಳುತ್ತೆ. ಅದೇ ನಿಕಾನ್ ಫೈಲನ್ನ ನಿಕಾನ್‌ನವರದ್ದೇ ಸಾಫ್ಟ್‌ವೇರ್ ಎನ್‌ಎಕ್ಸ್ ಸ್ಟುಡಿಯೋದಲ್ಲಿ ತೆಗೆದ್ರೆ ಬೆಲ್ಲದ ಬಣ್ಣ ಹಂಗೇ ಬರುತ್ತೆ, ಯಾಕಂದ್ರೆ ಅದಕ್ಕೆ ಮನೆ ಅಡಿಗೆ ಗೊತ್ತು. ಮಾನಿಟರ್ ಮಾನಿಟರಿಗೂ ವ್ಯತ್ಯಾಸ ಇರೋದು ಬೇರೆ ಕತೆ, ಅದು ಇಲ್ಲಿ ಬೇಡ.

ಈಗ ಪದಕ್ಕೆ ಬರ್ತೀನಿ. ಬಹಳ ಕಡೆ ಕಚ್ಚಾ ಅಂತ ಬರೀತಾರೆ, ಕಚ್ಚಾ ತೈಲ ಕಚ್ಚಾ ಮಾಲು ಇದ್ದಂಗೆ. ಆದ್ರೆ ನಮ್ಮ ಪೇಟೇಲಿ ಕಚ್ಚಾ ಅಂದ್ರೆ ಪಕ್ಕಾ ಅಲ್ಲದ್ದು, ಕಚ್ಚಾ ಬಿಲ್ಲು, ಕಚ್ಚಾ ರಸ್ತೆ. ಮದುವೆ ಮನೆಯೋರಿಗೆ ಕಚ್ಚಾ ಫೋಟೋ ಕೊಡ್ತೀನಿ ಅಂದು ನೋಡ್ರಿ, ಅಡ್ವಾನ್ಸ್ ವಾಪಸ್ ಕೇಳ್ತಾರೆ. ಮೂಲ ಅನ್ನೋಣ ಅಂದ್ರೆ ಕ್ಯಾಮೆರಾದಿಂದ ನೇರ ಬಂದ ಜೆಪೆಗ್ಗೂ ಮೂಲಾನೇ.

ನನ್ನ ಒಲವು ಹಸಿ ಕಡೆಗೆ. ಹಸಿ ಅಂದ ಕೂಡ್ಲೆ ಇನ್ನೂ ಬೇಯಿಸೋದಿದೆ ಅಂತ ಕೇಳೋನಿಗೆ ಹೇಳದೇನೇ ಗೊತ್ತಾಗುತ್ತೆ. ಹಸಿ ಗೋಡೆಗೆ ಹರಳು ಒತ್ತಿದಂಗೆ ಅಂತೀವಲ್ಲ, ಹೆಂಗೆ ಬೇಕಾದ್ರೂ ತಿದ್ದಬಹುದು ಅನ್ನೋ ಅರ್ಥಾನೂ ಅದರಲ್ಲೇ ಐತೆ. ಇದು ಬರೀ ಮಾತಲ್ಲ, 14 ಬಿಟ್ ರಾದಲ್ಲಿ ಒಂದೊಂದು ಚುಕ್ಕಿಗೆ (ಪಿಕ್ಸೆಲ್‌ಗೆ) ಬೆಳಕಿನ 16384 ಮೆಟ್ಟಿಲು, ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಬರೀ 256, ಅಂದ್ರೆ ಜೆಪೆಗ್ ಆಗಲೇ ಒಣಗಿದ ಗೋಡೆ. ತೊಡಕು ಒಂದೇ, ಹಸಿಬಿಸಿ ಫೋಟೋ ಅನ್ನೋದು ಸಿನಿಮಾ ಪುಟದೋರು ಕೆಡಿಸಿಟ್ಟಿರೋ ಮಾತು. ಹಸಿ ಫೋಟೋ ಕಳಿಸು ಅಂತ ಗ್ರೂಪಲ್ಲಿ ಬರೆದ್ರೆ ಏನಾಗಬಹುದು ನೀವೇ ಯೋಚನೆ ಮಾಡ್ರಿ!

ಅದಕ್ಕೆ ಫೋಟೋ ಅನ್ನೋದನ್ನೇ ಬಿಟ್ಟು ಹಸಿ ಫೈಲ್ ಅಂತ ಹಾಕಿದೀನಿ. ನಿಜ ಹೇಳ್ಬೇಕಂದ್ರೆ ಅದಿನ್ನೂ ಚಿತ್ರ ಆಗಿರೋದೇ ಇಲ್ಲ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ, ಸೆನ್ಸರ್ ಮೇಲಿನ ಬಣ್ಣದ ಫಿಲ್ಟರ್ ಜೋಡಣೆ ಈಗಲೂ ಹೆಚ್ಚಿನ ಕ್ಯಾಮೆರಾದಲ್ಲಿ ಐತೆ, ಅದರಲ್ಲಿ ಒಂದು ಚುಕ್ಕಿಗೆ ಒಂದೇ ಬಣ್ಣ ಗೊತ್ತು, ಅರ್ಧ ಹಸಿರು, ಕಾಲು ಭಾಗ ಕೆಂಪು, ಇನ್ನು ಕಾಲು ನೀಲಿ, ಉಳಿದದ್ದನ್ನ ಅಕ್ಕಪಕ್ಕದ ಚುಕ್ಕಿ ನೋಡಿ ಸಾಫ್ಟ್‌ವೇರ್ ಲೆಕ್ಕ ಹಾಕ್ಬೇಕು. ಹಸಿ ಕಡತ ಅಂತಾನೂ ಬರೆದು ನೋಡಿದೆ, ಕಡತ ಅಂದ್ರೆ ತಾಲ್ಲೂಕು ಆಫೀಸಿನ ವಾಸನೆ, ಅಳಿಸಿದೆ.

ಇನ್ನೊಂದು, ಕಂಪ್ಯೂಟರಲ್ಲಿ ರಾ ಹೆಂಗೆ ಕಾಣುತ್ತೆ ಅನ್ನೋಕೆ ಇಂಗ್ಲಿಷಿನ ಫ್ಲ್ಯಾಟ್ ನೋಡಿ ಚಪ್ಪಟೆ ಅಂತ ಬರೆಯೋದು ಬೇಡವೇ ಬೇಡ, ಚಪ್ಪಟೆ ರೊಟ್ಟಿಗೆ ಸರಿ. ಮಂಕು ಅಂದ್ರೆ ಬೆಳಕು ಕಮ್ಮಿ ಅಂತಾಗುತ್ತೆ, ಬೆಳಕು ಅಷ್ಟೇ ಇರಬಹುದು. ಸಪ್ಪೆ ಸರಿ ಅನ್ಸುತ್ತೆ. ಉಪ್ಪು ಬೀಳಬೇಕು, ಅಷ್ಟೇ, ಕಾಳು ಚೆನ್ನಾಗೈತೆ.

ನಮ್ಮ ಸ್ಟುಡಿಯೋದಲ್ಲಿ ಇದನ್ನ ಹೇಳ್ತಾ ಇದ್ದಾಗ ಚನ್ನಗಿರಿ ಕಡೆಯ ಹುಡುಗ ಒಬ್ಬ ಥಟ್ಟಂತ ಅಂದ, ಹಸಿ ಅಡಿಕೆ ಸುಲಿದು ಬೇಯಿಸಿ ಚೊಗರು (ಅಡಿಕೆ ಬೇಯಿಸಿ ಬಂದ ಕೆಂಪು ರಸ) ಕೊಡ್ತೀವಲ್ಲ ಸಾರ್ ಅದೇ ಇದು, ಅಡಿಕೆ ಒಂದೇ ಆದ್ರೂ ಒಬ್ಬೊಬ್ಬರ ಮನೆ ಚೊಗರಿಗೆ ಒಂದೊಂದು ಕೆಂಪು ಬರುತ್ತೆ. ನಾನು ಒಂದು ಪುಟ ಬರೆದಿದ್ದನ್ನ ಅವನು ಒಂದೇ ಮಾತಲ್ಲಿ ಮುಗಿಸಿಬಿಟ್ಟ. ಕ್ಯಾಮೆರಾದ ಆ ರುಚಿಗೆ, ಅಂದ್ರೆ ಪಿಕ್ಚರ್ ಪ್ರೊಫೈಲಿಗೆ, ಚೊಗರು ಅಂತಾನೇ ಹಾಕಿದೀನಿ ಈಗ, ನಗಬೇಡ್ರಿ, ಬಯಲುಸೀಮೆಯೋರಿಗೆ ಅರ್ಥ ಆಗುತ್ತೋ ಇಲ್ವೋ ಹೇಳ್ರಿ.

ಉಳಿದಿರೋದು ಎರಡು. ಫೈಲಿನ ಒಳಗಿರೋ ಆ ಸ್ಯಾಂಪಲ್ ಜೆಪೆಗ್ಗಿಗೆ ಮುನ್ನೋಟ ಅಂತಾರೆ, ನನಗೆ ಬಜೆಟ್ ಮುನ್ನೋಟ ಹವಾಮಾನ ಮುನ್ನೋಟದ ಥರ ಕೇಳುತ್ತೆ, ಬೇರೆ ಪದ ಇದ್ರೆ ಹೇಳ್ರಿ. ಆಮೇಲೆ ಅಡಿಕೆ ತೋಟ ಇರೋರು ಯಾರಾದ್ರೂ ಇದ್ರೆ, ಬರೀ ನೀರಲ್ಲಿ ಬೇಯಿಸಿ ಚೊಗರು ಕೊಡದೇ ಬಿಟ್ಟ ಅಡಿಕೆಗೆ ನಿಮ್ಮ ಊರಲ್ಲಿ ಏನಂತ ಕರೀತೀರಿ? ಯಾವ ಪ್ರೊಫೈಲೂ ಹಾಕದೇ ತೆಗೆದ ಚಿತ್ರಕ್ಕೆ ಆ ಪದ ಬೇಕಾಗೈತೆ.