ಬಟ್ಟೆಗೆ ಹತ್ತಿದ ನಾಯಿ, ಬೆಕ್ಕಿನ ಕೂದಲು: ಡ್ರೈಕ್ಲೀನಿಂಗ್ ಅಂಗಡಿಯವರನ್ನ ಕೇಳಿ

ಪ್ರಶ್ನೆ: ಅಣ್ಣ, ನಮ್ಮನೇಲಿ ಎರಡು ವರ್ಷದ ಲ್ಯಾಬ್ರಡಾರ್ ಇದೆ, ಕೆನೆ ಬಣ್ಣದ್ದು. ನಮ್ಮ ಯಜಮಾನರ ಆಫೀಸ್ ಪ್ಯಾಂಟ್‌ಗಳೆಲ್ಲ ಕಪ್ಪು, ಕಡುನೀಲಿ. ಮಷೀನಿಗೆ ಹಾಕಿ ತೆಗೆದರೆ ಕೂದಲು ಹೋಗೋದಿರಲಿ, ಜೊತೆಗಿದ್ದ ಟವೆಲ್, ಬನಿಯನ್‌ಗೂ ಹತ್ತಿಕೊಂಡಿರುತ್ತೆ. ಸೋಪಿನ ಪುಡಿ ಬದಲಾಯಿಸಬೇಕಾ?

ಉತ್ತರ: ಅಕ್ಕ, ಸೋಪಿನದೇನೂ ತಪ್ಪಿಲ್ಲ. ಸೋಪು ಜಿಡ್ಡು, ಕೊಳೆ ಬಿಡಿಸುತ್ತೆ, ಕೂದಲನ್ನಲ್ಲ. ನಮ್ಮ ಅಂಗಡಿಯ ಪೆಟ್ರೋಲ್ ವಾಶ್‌ನಲ್ಲೂ, ಅಂದರೆ ನೀರಿಲ್ಲದೆ ದ್ರಾವಕದಲ್ಲಿ ಒಗೆಯೋದರಲ್ಲೂ, ಕೂದಲು ಕರಗಲ್ಲ. ನಾವೂ ಬ್ರಷ್ ಹಿಡಿದೇ ತೆಗೆಯೋದು. ತಪ್ಪಾಗ್ತಿರೋದು ಕ್ರಮದಲ್ಲಿ. ಕೂದಲನ್ನ ಬಟ್ಟೆ ಒಣಗಿರುವಾಗ, ನೀರಿಗೆ ಹಾಕೋ ಮುಂಚೆಯೇ ತೆಗೀಬೇಕು. ಒದ್ದೆಯಾದ ಮೇಲೆ ಕೂದಲು ಒಂದಕ್ಕೊಂದು ಸುತ್ತಿಕೊಂಡು ಗಂಟಾಗುತ್ತೆ, ಬಟ್ಟೆಗೆ ಮೆತ್ತಿಕೊಳ್ಳುತ್ತೆ. ಮಷೀನ್ ತಿರುಗಿದಂತೆ ಅದೇ ಗಂಟು ಬಿಡಿಸಿಕೊಂಡು ಟವೆಲ್‌ಗೆ ಹೋಗುತ್ತೆ.

ಹೀಗೆ ಮಾಡಿ. ಪ್ಯಾಂಟನ್ನ ಹೊರಗಡೆ ನಾಲ್ಕೈದು ಸಲ ಜೋರಾಗಿ ಕೊಡವಿ. ಆಮೇಲೆ ಮೇಜಿನ ಮೇಲೆ ಹಾಸಿ. ಪಾತ್ರೆ ತೊಳೆಯೋ ರಬ್ಬರ್ ಕೈಗವಸು ಹಾಕಿಕೊಂಡು, ಅದನ್ನ ಲೇಸಾಗಿ ತೇವ ಮಾಡಿ, ನೀರು ತೊಟ್ಟಿಕ್ಕಬಾರದು. ಸೊಂಟದಿಂದ ಪಾದದ ಕಡೆಗೆ ಒಂದೇ ದಿಕ್ಕಿಗೆ ಎಳೀರಿ. ಹಿಂದೆ ಮುಂದೆ ಉಜ್ಜಿದರೆ ಕೂದಲು ಜಾಗ ಬದಲಾಯಿಸುತ್ತೆ ಅಷ್ಟೆ. ಒಂದೇ ಕಡೆ ಎಳೆದರೆ ದೇವರ ದೀಪಕ್ಕೆ ಹೊಸೆದ ಬತ್ತಿಯ ಹಾಗೆ ಸುರುಳಿಯಾಗಿ ಕೆಳಗೆ ಬರುತ್ತೆ, ಬೆರಳಲ್ಲಿ ಎತ್ತಿ ಬಿಸಾಕಬಹುದು. ಬೆಲ್ಟ್ ಪಟ್ಟಿಯ ಕೆಳಗೆ, ಜೇಬಿನ ಹೊಲಿಗೆ, ಪಾದದ ಮಡಿಕೆ, ಈ ಮೂರು ಕಡೆ ಮರೀಬೇಡಿ. ಚೆನ್ನಾಗಿ ಬ್ರಷ್ ಮಾಡಿದ ಪ್ಯಾಂಟಲ್ಲೂ ನನಗೆ ಕೂದಲು ಸಿಗೋದು ಅಲ್ಲೇ.

ಇನ್ನೊಂದು, ಆಫೀಸ್ ಪ್ಯಾಂಟಲ್ಲಿ ಸಾಮಾನ್ಯವಾಗಿ ಪಾಲಿಯೆಸ್ಟರ್ ಇರುತ್ತೆ. ಸೋಫಾ, ಕಾರ್ ಸೀಟಿಗೆ ಉಜ್ಜಿ ಉಜ್ಜಿ ಅದರಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಕೂದಲನ್ನ ತಾನೇ ಸೆಳೆಯುತ್ತೆ. ಸಂಕ್ರಾಂತಿಯಿಂದ ಶಿವರಾತ್ರಿವರೆಗೆ ನಮ್ಮ ಕಡೆ ಗಾಳಿ ಒಣಗಿರುತ್ತಲ್ಲ, ಆಗ ಈ ಕಾಟ ಜಾಸ್ತಿ. ಕೊನೆಗೆ ಜಾಲಾಡೋ ನೀರಿಗೆ ಫ್ಯಾಬ್ರಿಕ್ ಕಂಡೀಷನರ್ ಹಾಕಿದರೆ ಕಡಿಮೆಯಾಗುತ್ತೆ. ಟವೆಲ್‌ಗೆ ಮಾತ್ರ ಹಾಕಬೇಡಿ, ನೀರು ಹೀರೋದು ಕಡಿಮೆಯಾಗುತ್ತೆ. ಕೂದಲಿರುವಾಗ ಇಸ್ತ್ರಿಯನ್ನೂ ಹಾಕಬೇಡಿ, ನೇಯ್ಗೆಯೊಳಗೆ ಒತ್ತಿಕೊಂಡುಬಿಡುತ್ತೆ.

ಪ್ರಶ್ನೆ: ನಮ್ಮದು ಬೀದಿಯಿಂದ ತಂದು ಸಾಕಿದ ನಾಡನಾಯಿ. ಕೂದಲು ಗಿಡ್ಡ, ಆದರೆ ಕಾಟನ್ ಕುರ್ತಾದಲ್ಲಿ ಸೂಜಿ ಥರ ನಾಟಿಕೊಂಡಿರುತ್ತೆ. ಟೇಪಿಗೂ ಬರಲ್ಲ ಸರ್.

ಉತ್ತರ: ನಿಜ, ಗಿಡ್ಡ ಕೂದಲೇ ಹೆಚ್ಚು ಹಟಮಾರಿ. ಉದ್ದ ಕೂದಲು ಬಟ್ಟೆಯ ಮೇಲೆ ಮಲಗಿರುತ್ತೆ, ಗಿಡ್ಡದ್ದು ಬಿರುಸು, ತುದಿ ನೂಲುಗಳ ಸಂದಿಗೆ ಇಳಿಯುತ್ತೆ. ಕೂದಲಿನ ಮೈಮೇಲೆ ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಪದರ ಇರುತ್ತೆ, ಅದಕ್ಕೇ ಒಳಹೊಕ್ಕ ಮೇಲೆ ಸುಲಭಕ್ಕೆ ವಾಪಸ್ ಜಾರಲ್ಲ. ಬಟ್ಟೆಯನ್ನ ಒಳಮೈ ಹೊರಗೆ ಮಾಡಿ, ಹಿಂದಿನಿಂದ ಬೆರಳಲ್ಲಿ ತಟ್ಟಿ. ಸ್ಟೀಮ್ ಇಸ್ತ್ರಿ ಇದ್ದರೆ ಬಟ್ಟೆಗೆ ತಾಗಿಸದೆ ಹಬೆ ಮಾತ್ರ ಕೊಡಿ, ನೂಲು ಸಡಿಲವಾಗುತ್ತೆ. ಆಮೇಲೆ ಬ್ರಷ್ ಹಿಡೀರಿ. ನಾಲ್ಕಾರು ಉಳಿದರೆ ಚಿಮುಟದಲ್ಲಿ ಕೀಳೋದೇ ಸರಿ. ನಾನೂ ಗಿರಾಕಿಗಳ ಕೋಟ್‌ಗೆ ಹಾಗೇ ಮಾಡೋದು.

ಪ್ರಶ್ನೆ: ಅರ್ಜೆಂಟ್ ಅಣ್ಣ! ಭಾನುವಾರ ತಂಗಿ ಮದುವೆ. ಮೈಸೂರು ಸಿಲ್ಕ್ ಸೀರೆ ಮಂಚದ ಮೇಲೆ ತೆಗೆದಿಟ್ಟಿದ್ದೆ, ಬೆಕ್ಕು ಅದರ ಮೇಲೆ ಮಲಗಿಬಿಟ್ಟಿದೆ. ಪ್ಯಾಕಿಂಗ್ ಟೇಪಲ್ಲಿ ತೆಗೀಲಾ?

ಉತ್ತರ: ಬೇಡ, ದಯವಿಟ್ಟು ಬೇಡ. ಟೇಪ್ ಎಳೆದಾಗ ಜರಿಯ ಎಳೆ ಎದ್ದರೆ ಅದನ್ನ ಮತ್ತೆ ಕೂರಿಸೋಕಾಗಲ್ಲ. ಕೈಗವಸಲ್ಲಿ ಉಜ್ಜಲೂಬೇಡಿ, ನೀರೂ ಚಿಮುಕಿಸಬೇಡಿ, ರೇಷ್ಮೆಯಲ್ಲಿ ನೀರಿನ ಕಲೆ ನಿಲ್ಲುತ್ತೆ. ಮೈಸೂರು ಸಿಲ್ಕ್ ಕ್ರೇಪ್, ನೂಲನ್ನ ಬಿಗಿಯಾಗಿ ಹುರಿ ಮಾಡಿ ನೇಯ್ದಿರುತ್ತಾರೆ. ಕೈಯಲ್ಲಿ ಸವರಿದರೆ ಸಣ್ಣ ತರಿ ಸಿಗುತ್ತಲ್ಲ, ಆ ತರಿಗೆ ಕೂದಲು ಸಿಕ್ಕಿಕೊಳ್ಳುತ್ತೆ.

ಸೀರೆಯ ಎರಡು ತುದಿಯನ್ನ ಇಬ್ಬರು ಹಿಡಿದು ಮೆಲ್ಲಗೆ ಕೊಡವಿ. ಒಣಗಿದ ಮೆತ್ತನೆ ಬ್ರಷ್ಷಲ್ಲಿ, ಚಿಕ್ಕ ಮಕ್ಕಳ ತಲೆ ಬಾಚೋ ಬ್ರಷ್ ಆದರೂ ಸರಿ, ಸೀರೆಯ ಉದ್ದಕ್ಕೇ ಸವರುತ್ತಾ ಬನ್ನಿ. ಅಡ್ಡಕ್ಕೆ ಬೇಡ. ಅಂಚು, ಸೆರಗಿನ ಜರಿ ಮೇಲೆ ಬ್ರಷ್ ಬೇಡ, ಬೆರಳಿಂದ ಒಂದೊಂದೇ ಎತ್ತಿ. ಮುಕ್ಕಾಲು ಗಂಟೆ ಹಿಡಿದರೂ ಹಿಡೀಲಿ, ಸೀರೆ ಉಳಿಯುತ್ತೆ. ಬೆಕ್ಕಿನ ಉಗುರು ತಾಗಿ ಎಳೆ ಎದ್ದಿದ್ದರೆ ಕತ್ತರಿಸಬೇಡಿ, ಸೀರೆ ರಿಪೇರಿ ಮಾಡೋರಿಗೆ ತೋರಿಸಿ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಬೇಸಿಗೆಯಲ್ಲಿ ಲ್ಯಾಬ್ರಡಾರ್‌ಗೆ ಪೂರ್ತಿ ಬೋಳಿಸಿಬಿಟ್ಟರೆ?

ಉತ್ತರ: ಸರ್, ಬಟ್ಟೆ ಉಳಿಸೋಕೆ ನಾಯಿಗೆ ತೊಂದರೆ ಕೊಡೋದು ಬೇಡ. ಲ್ಯಾಬ್‌ಗೆ ಎರಡು ಪದರದ ಕೂದಲು, ಒಳಗೆ ಮೆತ್ತನೆಯದು, ಹೊರಗೆ ಬಿರುಸಿನದು. ಅದು ಚಳಿಯಲ್ಲಷ್ಟೇ ಅಲ್ಲ, ಬಿಸಿಲಲ್ಲೂ ಚರ್ಮ ಕಾಯುತ್ತೆ. ಉದುರೋ ಕಾಲದಲ್ಲಿ ದಿನಾ ಹತ್ತು ನಿಮಿಷ ಅಂಗಳದಲ್ಲಿ ಕೂರಿಸಿ ಬಾಚಿ. ಬಾಚಣಿಗೆಗೆ ಬಂದ ಕೂದಲು ಪ್ಯಾಂಟಿಗೆ ಬರಲ್ಲ. ಉದುರಿದ ಕಡೆ ಚರ್ಮ ಕಾಣ್ತಿದ್ದರೆ, ಕೆರೆದುಕೊಳ್ತಿದ್ದರೆ ಪಶುವೈದ್ಯರಿಗೆ ತೋರಿಸಿ, ಉಣ್ಣಿ ಹುಳವೋ ಬೂಷ್ಟಿನ ಸೋಂಕೋ ಇರಬಹುದು.

ಪ್ರಶ್ನೆ: ಮಷೀನ್ ನೀರು ನಿಧಾನವಾಗಿ ಹೊರಗೆ ಹೋಗ್ತಿದೆ, ಇದೂ ಕೂದಲಿಂದಲಾ?

ಉತ್ತರ: ಇರಬಹುದು. ಮುಂದಿನಿಂದ ಬಟ್ಟೆ ಹಾಕೋ ಮಷೀನಾದರೆ ಕೆಳಗೆ ಮೂಲೆಯ ಚಿಕ್ಕ ಮುಚ್ಚಳದ ಹಿಂದೆ ಫಿಲ್ಟರ್ ಇರುತ್ತೆ. ಪ್ಲಗ್ ಕಿತ್ತು, ತಟ್ಟೆ ಇಟ್ಟುಕೊಂಡು ತಿರುಗಿಸಿ. ಮೇಲಿಂದ ಹಾಕೋದಾದರೆ ಒಳಗಿನ ಜಾಳಿಗೆ ಚೀಲ ತೊಳೀರಿ. ನಾಯಿಯ ಹಾಸಿಗೆ ಬಟ್ಟೆಯನ್ನ ಮಾತ್ರ ಯಾವಾಗಲೂ ಬೇರೆಯಾಗಿ ಹಾಕಿ, ಅದಾದ ಮೇಲೆ ಬಾಗಿಲಿನ ರಬ್ಬರ್ ಸುತ್ತ ಒದ್ದೆ ಬಟ್ಟೆಯಲ್ಲಿ ಒರೆಸಿ.

ಸೀರೆ ಪ್ರಶ್ನೆ ಕೇಳಿದವರು: ಅಣ್ಣ, ಅಮ್ಮ ನಾನು ಇಬ್ಬರೂ ಕೂತು ಬ್ರಷ್ ಮಾಡಿದ್ವಿ. ಕೂದಲೆಲ್ಲ ಹೋಯ್ತು. ಅಂಚಿನ ಹತ್ತಿರ ಒಂದು ಎಳೆ ಎದ್ದಿದೆ.

ಉತ್ತರ: ಮುಟ್ಟಬೇಡಿ ತಾಯಿ. ಆ ಭಾಗ ಒಳ ಮಡಿಕೆಗೆ ಬರೋ ಹಾಗೆ ಸೀರೆ ಉಡಿ, ಮದುವೆ ಮುಗಿದ ಮೇಲೆ ತೋರಿಸಿ. ಅಲ್ಲಿವರೆಗೆ ಬೀರುವಿನಲ್ಲಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.