ಸಹಾಯ ಬೇಕು: ಆಯಿಯ ಲಿಂಗಪೂಜಿ ಮತ್ತ ಮಾರ್ಫಿನ್ ಗುಳಿಗಿ

ಎಲ್ಲರಿಗೂ ಶರಣು ಶರಣಾರ್ಥಿ. ನಮ್ಮ ಆಯಿಗೆ 84, ಹೊಟ್ಟಿ ಕ್ಯಾನ್ಸರ್, ಇನ್ನ ಮನಿಯಾಗ ಇಟ್ಕೊಂಡು ನೋಡ್ಕೊಳ್ರಿ ಅಂದಾರ ಡಾಕ್ಟರ್. ಆಕಿಗೆ ಸಾವಿನ ಹೆದರಿಕಿ ಒಂದೀಟೂ ಇಲ್ಲ, "ಬಸವಣ್ಣ ಎಲ್ಲಾ ಕೊಟ್ಟಾನ, ಕರದ್ರ ಹೋಗೂದು" ಅಂತಾಳ, ನೀರು ಕುಡಿಸಿದವ್ರ ಕೈ ಹಿಡದು ಪುಣ್ಯಾ ಬರ್ಲಿ ಅಂತಾಳ. ತೊಂದ್ರಿ ಏನಂದ್ರ, 4 ತಾಸಿಗೊಮ್ಮೆ ಕೊಡೋ, ಜೋರು ನೋವು ಕಡಿಮಿ ಮಾಡೋ ಮಾರ್ಫಿನ್ ಗುಳಿಗಿ ಮೊನ್ನೆ ಚಾಲೂ ಮಾಡೀವಿ, ತಗೊಂಡ್ರ ಮಂಪರು ಬಂದು ಎಡಗೈಯಾಗಿನ ಇಷ್ಟಲಿಂಗ ಜಾರತೈತಿ, ಅದಕ್ಕ ಮುಂಜಾನಿ ಗುಳಿಗಿ ಬ್ಯಾಡಂತ ಬಾಯಿ ಮುಚ್ಕೊಂತಾಳ, ಆಮ್ಯಾಲ ನೋವಿಗೆ ಹಾಸಿಗಿ ಹಿಂಡತಾಳ. ಪೂಜಿ 5ಕ್ಕೇ ಮಾಡಿಸಿ ನೋಡಿದೆ, ಕೈಗೆ ಆಸರ ಕೊಟ್ಟು ಕುಂತೆ, ಆಗ್ಲಿಲ್ಲ. ಹಿಂಗ ಮನ್ಯಾಗ ಹಿರಿಯರನ್ನ ನೋಡ್ಕೊಂಡವ್ರು ಹೇಳ್ರಿ, ಪೂಜಿ ಮುಗಿಯೂತನಕ ಮುಂಜಾನಿ ಗುಳಿಗಿ ಒಂದ ತಾಸು ಮುಂದ ಹಾಕಾಕ ನಿಮ್ಮ ಡಾಕ್ಟರ್ ಒಪ್ಪಿದ್ರೇನ್ರಿ, ಇಲ್ಲಾ ಈ ಮಂಪರು ನಾಕ ದಿನಕ್ಕ ತಾನ ಕಡಿಮಿ ಆತೇನು?