ಹೋಲ್ ಇನ್ ಒನ್ ದೊಡ್ಡದಾ, ಆಲ್ಬಟ್ರಾಸ್ ದೊಡ್ಡದಾ? ಕೋಚ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ದಾವಣಗೆರೆಯ ಸದಸ್ಯರು): ಸರ್, ನಮಸ್ಕಾರ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅದಿತಿ ಅಶೋಕ್‌ಗೆ ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತಲ್ಲ, ಅವತ್ತಿನಿಂದ ನಮ್ಮ ಮನೆಯಲ್ಲಿ ಗಾಲ್ಫ್ ಹುಚ್ಚು. ಮೊನ್ನೆ ಟಿವಿಯಲ್ಲಿ ಒಬ್ಬ ಟೀ ಅನ್ನೋ ಸಣ್ಣ ಗೂಟದ ಮೇಲಿಂದ ಹೊಡೆದ ಬಾಲ್ ಸೀದಾ ಗುಂಡಿಗೆ ಹೋಯಿತು. ಕಾಮೆಂಟರಿಯವರು ‘ಏಸ್’ ಅಂತ ಕೂಗಿದರು. ಪರದೆ ಮೇಲೆ ‘ಈಗಲ್’ ಅಂತ ಬಂತು. ಮಗಳು ಯಾವುದು ಸರಿ ಅಂತ ಕೇಳಿದಳು, ನನಗೆ ಗೊತ್ತಾಗಲಿಲ್ಲ.

ಕೋಚ್: ಎರಡೂ ಸರಿ ಸರ್. ಏಸ್ ಅಂದರೆ ಹೋಲ್ ಇನ್ ಒನ್. ಒಂದೇ ಹೊಡೆತಕ್ಕೆ ಬಾಲ್ ಒಳಗೆ, ಅಷ್ಟೇ. ಈಗಲ್ ಅನ್ನೋದು ಪಾರ್‌ಗೆ ಹೋಲಿಸಿ ಕೊಟ್ಟ ಹೆಸರು. ಚೆನ್ನಾಗಿ ಆಡುವವರು ಒಂದು ಹೋಲ್, ಅಂದರೆ ಮೊದಲ ಹೊಡೆತದ ಜಾಗದಿಂದ ಗುಂಡಿಯವರೆಗಿನ ದಾರಿ, ಮುಗಿಸಲು ಎಷ್ಟು ಹೊಡೆತ ಬೇಕು ಅನ್ನೋ ಲೆಕ್ಕವೇ ಪಾರ್. ಸಾಮಾನ್ಯವಾಗಿ 3, 4 ಅಥವಾ 5. ಅದಕ್ಕಿಂತ ಒಂದು ಕಡಿಮೆ ಆದರೆ ಬರ್ಡಿ, ಎರಡು ಕಡಿಮೆ ಆದರೆ ಈಗಲ್, ಮೂರಾದರೆ ಆಲ್ಬಟ್ರಾಸ್, ನಾಲ್ಕಾದರೆ ಕಾಂಡೋರ್. ನೀವು ನೋಡಿದ್ದು ಪಾರ್ 3 ಹೋಲ್ ಇರಬೇಕು. ಮೂರರಲ್ಲಿ ಮುಗಿಸಬೇಕಾದ್ದನ್ನು ಒಂದರಲ್ಲಿ ಮುಗಿಸಿದ, ಎರಡು ಕಡಿಮೆ. ಹಾಗಾಗಿ ಈಗಲ್.

ಹಕ್ಕಿ ಹೆಸರು ಯಾಕೆ ಅಂತ ಮಗಳು ಕೇಳಿಯೇ ಕೇಳುತ್ತಾಳೆ. ಅಮೆರಿಕದಲ್ಲಿ ಆ ಕಾಲಕ್ಕೆ ಯಾವುದಾದರೂ ತುಂಬಾ ಚೆನ್ನಾಗಿದ್ದರೆ ‘ಬರ್ಡ್’ ಅನ್ನೋರು, ನಾವು ‘ಸೂಪರ್’ ಅಂದ ಹಾಗೆ. 1900ರ ಆಸುಪಾಸಿನಲ್ಲಿ ಅಟ್ಲಾಂಟಿಕ್ ಸಿಟಿಯ ಒಂದು ಕ್ಲಬ್‌ನಲ್ಲಿ ಈ ಮಾತು ಗಾಲ್ಫ್‌ಗೆ ಅಂಟಿಕೊಂಡಿತು. ಸಣ್ಣ ಹಕ್ಕಿ ಬಂದ ಮೇಲೆ ದೊಡ್ಡ ಹಕ್ಕಿಗಳು ತಾವಾಗಿಯೇ ಬಂದವು. ಅಮೆರಿಕದವರು ಆಲ್ಬಟ್ರಾಸ್‌ಗೆ ‘ಡಬಲ್ ಈಗಲ್’ ಅಂತಾರೆ. ನನಗೆ ಅದು ಸರಿ ಕಾಣಲ್ಲ. ಈಗಲ್ ಅಂದರೆ ಎರಡು ಕಡಿಮೆ ಆದರೆ, ಡಬಲ್ ಈಗಲ್ ನಾಲ್ಕಾಗಬೇಕು ಅಲ್ವಾ?

ಪ್ರಶ್ನೆ (ಮೈಸೂರಿನ ಸದಸ್ಯರು): ಹಾಗಾದರೆ ಪಾರ್‌ಗಿಂತ ಒಂದು ಜಾಸ್ತಿ ಆದರೆ ಬೋಗಿ ಅಂತಾರಲ್ಲ, ಆ ಹೆಸರು ಎಲ್ಲಿಂದ ಬಂತು ಸರ್? ಅದು ಹಕ್ಕಿಯಲ್ಲವಲ್ಲ.

ಕೋಚ್: ಹಕ್ಕಿಯೂ ಅಲ್ಲ, ರೈಲಿನ ಬೋಗಿಯೂ ಅಲ್ಲ. ನಮ್ಮಲ್ಲಿ ಊಟ ಮಾಡದ ಮಕ್ಕಳಿಗೆ ಗುಮ್ಮ ಬರ್ತಾನೆ ಅಂತೀವಲ್ಲ, ಇಂಗ್ಲೆಂಡಿನ ಆ ಗುಮ್ಮನೇ ಬೋಗಿ. 1890ರ ದಶಕದಲ್ಲಿ ಅಲ್ಲಿ ಗುಮ್ಮನ ಮೇಲೊಂದು ಹಾಡು ಎಲ್ಲರ ಬಾಯಲ್ಲಿತ್ತು. ಪ್ರತಿ ಹೋಲ್‌ಗೆ ಒಂದು ಸ್ಕೋರ್ ಗೊತ್ತು ಮಾಡಿ, ಕಣ್ಣಿಗೆ ಕಾಣದ ಒಬ್ಬ ಎದುರಾಳಿ ಅಷ್ಟು ಹೊಡೆಯುತ್ತಾನೆ ಅಂದುಕೊಂಡು ಆಡುತ್ತಿದ್ದರು. ಅವನೇ ಗುಮ್ಮ. ಮಿಲಿಟರಿಯವರು ಸುಮ್ನೆ ಬಿಡ್ತಾರಾ, ‘ಕರ್ನಲ್ ಬೋಗಿ’ ಅಂತ ಅವನಿಗೆ ಹುದ್ದೆಯನ್ನೂ ಕೊಟ್ಟರು. ಆಗ ಬೋಗಿ ಒಳ್ಳೆಯ ಸ್ಕೋರೇ. ಆಮೇಲೆ ಅಮೆರಿಕದಲ್ಲಿ ಪಾರ್ ಬಿಗಿಯಾಯಿತು, ಬೋಗಿ ಅಂದರೆ ಪಾರ್‌ಗಿಂತ ಒಂದು ಜಾಸ್ತಿ ಅಂತಾಯಿತು.

ಪ್ರಶ್ನೆ (ಮತ್ತೆ ದಾವಣಗೆರೆಯ ಸದಸ್ಯರು): ಆದರೂ ಹೋಲ್ ಇನ್ ಒನ್ನೇ ದೊಡ್ಡದು ಅಲ್ವಾ ಸರ್? ಅದಕ್ಕೇ ತಾನೇ ಪಾರ್ಟಿ ಕೊಡೋದು?

ಕೋಚ್: ಪಾರ್ಟಿ ಅದಕ್ಕೆ, ನಿಜ. ಹೊಡೆದವನೇ ಕ್ಲಬ್‌ನಲ್ಲಿ ಎಲ್ಲರಿಗೂ ಕುಡಿಸಬೇಕು. ಜಪಾನಿನಲ್ಲಿ ಈ ಖರ್ಚಿಗೆ ಹೆದರಿ ವಿಮೆ ಮಾಡಿಸುತ್ತಾರೆ! ಆದರೆ ಅಪರೂಪದ ವಿಷಯಕ್ಕೆ ಬಂದರೆ ಆಲ್ಬಟ್ರಾಸ್ ಮುಂದೆ ಅದು ಏನೂ ಅಲ್ಲ.

ಅಮೆರಿಕದ ಮಾಸ್ಟರ್ಸ್ ಟೂರ್ನಿಯನ್ನೇ ತೆಗೆದುಕೊಳ್ಳಿ. 1934ರಲ್ಲಿ ಶುರುವಾಯಿತು. ಇಷ್ಟು ವರ್ಷಗಳಲ್ಲಿ ಹೋಲ್ ಇನ್ ಒನ್ 30ಕ್ಕಿಂತ ಜಾಸ್ತಿ ಆಗಿವೆ. ಆಲ್ಬಟ್ರಾಸ್ ನಾಲ್ಕೇ. 1935ರಲ್ಲಿ ಜೀನ್ ಸರಾಜೆನ್, 1967ರಲ್ಲಿ ಬ್ರೂಸ್ ಡೆವ್ಲಿನ್, 1994ರಲ್ಲಿ ಜೆಫ್ ಮ್ಯಾಗರ್ಟ್, 2012ರಲ್ಲಿ ಲೂಯಿ ಊಸ್ಟ್‌ಹೈಜನ್. ಮಜಾ ಏನು ಗೊತ್ತಾ? ಆ ಟೂರ್ನಿ ನಡೆಯುವ ಕೋರ್ಸ್‌ನಲ್ಲಿ, ಅಂದರೆ ಗಾಲ್ಫ್ ಮೈದಾನದಲ್ಲಿ, ಪಾರ್ 5 ಹೋಲ್ ಇರುವುದೂ ನಾಲ್ಕೇ. ಒಬ್ಬೊಬ್ಬರು ಒಂದೊಂದನ್ನು ಹಂಚಿಕೊಂಡಿದ್ದಾರೆ.

ಯಾಕೆ ಇಷ್ಟು ಕಡಿಮೆ? ಪಾರ್ 3 ಹೋಲ್‌ನಲ್ಲಿ ಬಾಲ್ ಟೀ ಮೇಲೆ ಕೂತಿರುತ್ತದೆ, ನೆಲ ಸಮ ಇರುತ್ತದೆ, ದೂರ 150 ಯಾರ್ಡ್ ಆಸುಪಾಸು. ನನ್ನಂಥವನಿಗೂ 18 ಹೋಲ್‌ಗಳ ಒಂದು ರೌಂಡ್‌ನಲ್ಲಿ ನಾಲ್ಕು ಸಲ ಅವಕಾಶ. ಪಾರ್ 5ರಲ್ಲಿ ಎರಡನೇ ಹೊಡೆತ ಒಳಗೆ ಹೋಗಬೇಕು. ಅದೂ ಹುಲ್ಲಿನ ಮೇಲಿಂದ, ಇಳಿಜಾರೋ ಏರೋ ಸಿಕ್ಕ ಕಡೆ ನಿಂತು, 230 ಯಾರ್ಡ್ ದೂರದ ನಾಲ್ಕೂಕಾಲು ಇಂಚಿನ ಗುಂಡಿಗೆ. ಸರಾಜೆನ್ ಹೊಡೆದದ್ದು ಸುಮಾರು 235 ಯಾರ್ಡ್‌ನಿಂದ, 4 ವುಡ್ ಅನ್ನೋ ಕೋಲಿನಲ್ಲಿ. ಮೂರು ಹೊಡೆತ ಹಿಂದಿದ್ದವನು ಒಂದೇ ಏಟಿಗೆ ಮುಂದಿದ್ದ ಆಟಗಾರ ಕ್ರೇಗ್ ವುಡ್‌ಗೆ ಸಮ ಬಂದ, ಮಾರನೇ ದಿನ ಸಮ ತೀರಿಸಲು ನಡೆದ 36 ಹೋಲ್ ಪ್ಲೇಆಫ್‌ನಲ್ಲಿ ಗೆದ್ದ. ಪಾಪ, ಊಸ್ಟ್‌ಹೈಜನ್ 253 ಯಾರ್ಡ್‌ನಿಂದ ಹಾಕಿಯೂ ಪ್ಲೇಆಫ್‌ನಲ್ಲಿ ಸೋತ.

ಪ್ರಶ್ನೆ (ಬೆಂಗಳೂರಿನ ಸದಸ್ಯರು): ಪಾರ್ 4ರಲ್ಲಿ ಹೋಲ್ ಇನ್ ಒನ್ ಆದರೆ?

ಕೋಚ್: ಒಂದೇ ಏಟಿಗೆ ಎರಡು ಹಣ್ಣು. ಏಸ್ ಕೂಡ ಹೌದು, ಆಲ್ಬಟ್ರಾಸ್ ಕೂಡ ಹೌದು. ಅಮೆರಿಕದ ವೃತ್ತಿಪರ ಟೂರ್ನಿಗಳ ಸರಣಿ ಪಿಜಿಎ ಟೂರ್‌ನಲ್ಲಿ, 2001ರ ಫೀನಿಕ್ಸ್ ಓಪನ್‌ನಲ್ಲಿ ಆಂಡ್ರ್ಯೂ ಮೆಗೀ ಹೀಗೆ ಹಾಕಿದ. 332 ಯಾರ್ಡ್ ಹೋಲ್, ಅಷ್ಟು ದೂರ ಬಾಲ್ ಹೋಗಲ್ಲ ಅಂದುಕೊಂಡು ಮುಂದಿನ ಗುಂಪು ಗುಂಡಿ ಸುತ್ತಲಿನ ನುಣುಪು ಹುಲ್ಲಿನ ಜಾಗ, ಅಂದರೆ ಗ್ರೀನ್ ಮೇಲಿದ್ದಾಗಲೇ ಹೊಡೆದ. ಅಲ್ಲಿ ಟಾಮ್ ಬೈರಮ್ ಕುಕ್ಕರುಗಾಲಲ್ಲಿ ಕೂತು ತನ್ನ ಪಟ್, ಅಂದರೆ ಬಾಲ್ ಉರುಳಿಸಿ ಗುಂಡಿಗೆ ಹಾಕುವ ಹೊಡೆತದ ಲೆಕ್ಕ ಹಾಕುತ್ತಿದ್ದ. ಬಾಲ್ ಉರುಳಿಕೊಂಡು ಬಂದು ಅವನ ಪಟ್ ಹೊಡೆಯುವ ಕೋಲು ಪಟರ್‌ಗೆ ತಾಗಿತು, ದಿಕ್ಕು ಬದಲಿಸಿತು, ಗುಂಡಿಗೆ ಬಿತ್ತು. ನಿಯಮದ ಪ್ರಕಾರ ಸಲ್ಲುತ್ತದೆ. ಬೈರಮ್ ಮುಖ ನೋಡಬೇಕಿತ್ತು ಅನಿಸುತ್ತದೆ ನನಗೆ.

ಕಾಂಡೋರ್ ಬಗ್ಗೆಯೂ ಯಾರಾದರೂ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ದೊಡ್ಡ ಪ್ರೊ ಟೂರ್‌ಗಳಲ್ಲಿ ಒಂದೂ ಇಲ್ಲ. ಆದ ಬೆರಳೆಣಿಕೆಯಷ್ಟೂ ಹವ್ಯಾಸಿಗಳದ್ದೇ. 2002ರಲ್ಲಿ ಡೆನ್ವರ್‌ನಲ್ಲಿ 517 ಯಾರ್ಡ್ ಪಾರ್ 5ರಲ್ಲಿ ಒಬ್ಬರಿಗೆ ಹೋಲ್ ಇನ್ ಒನ್ ಆಯಿತು. ಡೆನ್ವರ್ ಇರುವುದು ಸುಮಾರು 1,600 ಮೀಟರ್ ಎತ್ತರದಲ್ಲಿ. ಗಾಳಿ ತೆಳು, ಬಾಲ್ ದೂರ ಹೋಗುತ್ತದೆ. 2020ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ 649 ಯಾರ್ಡ್ ಪಾರ್ 6 ಹೋಲನ್ನು ಒಬ್ಬರು ಎರಡೇ ಹೊಡೆತದಲ್ಲಿ ಮುಗಿಸಿದರು. ಇಳಿಜಾರು, ಜೊತೆಗೆ ಗಾಲ್ಫ್ ಗಾಡಿ ಓಡಾಡುವ ಗಟ್ಟಿ ದಾರಿಗೆ ಬಾಲ್ ಬಿದ್ದು ಪುಟಿದು ಓಡಿತ್ತು. ಹೊಡೆತ ಚೆನ್ನಾಗಿತ್ತು, ಆ ದಾರಿ ಇನ್ನೂ ಚೆನ್ನಾಗಿತ್ತು.

ಪ್ರಶ್ನೆ (ಶಿವಮೊಗ್ಗದ ಹಿರಿಯ ಸದಸ್ಯರು): ನನಗೆ 71. ಹದ್ದು ಕಾಂಡೋರ್ ಎಲ್ಲ ಈ ಜನ್ಮಕ್ಕೆ ಆಗದ ಮಾತು. ನಮ್ಮಂಥವರಿಗೆ ಏನಾದರೂ ಇದೆಯೇನಪ್ಪಾ?

ಕೋಚ್: ಇದೆ ಅಂಕಲ್. ನಿಮ್ಮ ವಯಸ್ಸು ಎಷ್ಟೋ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ಹೊಡೆತದಲ್ಲಿ 18 ಹೋಲ್ ಮುಗಿಸುವುದು. 1979ರಲ್ಲಿ ಸ್ಯಾಮ್ ಸ್ನೀಡ್ 67ನೇ ವಯಸ್ಸಿನಲ್ಲಿ ಒಂದು ಪಿಜಿಎ ಟೂರ್ನಿಯಲ್ಲಿ 67 ಹೊಡೆದರು, ಅದೇ ಟೂರ್ನಿಯ ಕೊನೆ ರೌಂಡ್‌ನಲ್ಲಿ 66. ವರ್ಷ ಕಳೆದಷ್ಟೂ ಟಾರ್ಗೆಟ್ ಸುಲಭ ಆಗುವ ದಾಖಲೆ ಇದೊಂದೇ. ಮೊಣಕಾಲು ಜೋಪಾನ ಮಾಡಿಕೊಳ್ಳಿ.

ಪ್ರಶ್ನೆ (ಬೆಂಗಳೂರಿನ ಸದಸ್ಯರು): 18 ಹೋಲ್‌ಗೆ 59 ಹೊಡೆತ ಅಂತ ಒಂದು ದೊಡ್ಡ ನಂಬರ್ ಇದೆಯಂತಲ್ಲ?

ಕೋಚ್: ಪಿಜಿಎ ಟೂರ್‌ನಲ್ಲಿ ಮೊದಲು ಹೊಡೆದದ್ದು 1977ರಲ್ಲಿ ಮೆಂಫಿಸ್‌ನಲ್ಲಿ ಆಲ್ ಗೈಬರ್ಗರ್. ಪಾರ್ 72 ಕೋರ್ಸ್, ಅಂದರೆ 18 ಹೋಲ್‌ಗಳ ಪಾರ್ ಕೂಡಿದರೆ 72. 11 ಬರ್ಡಿ, ಒಂದು ಈಗಲ್, ಉಳಿದ ಆರು ಪಾರ್. ಒಂದೂ ಬೋಗಿ ಇಲ್ಲ. ಆಮೇಲೆ ‘ಮಿಸ್ಟರ್ 59’ ಅಂತಲೇ ಹೆಸರಾಯಿತು. 2016ರಲ್ಲಿ ಜಿಮ್ ಫ್ಯೂರಿಕ್ 58 ಹೊಡೆದ. ಆದರೆ ಅದು ಪಾರ್ 70 ಕೋರ್ಸ್, ಲೆಕ್ಕ ಹಾಕಿದರೆ ಪಾರ್‌ಗಿಂತ 12 ಕಡಿಮೆ. ಗೈಬರ್ಗರ್‌ನದು 13. ನನ್ನ ಓಟು ಹಳೆಯವನಿಗೇ.

ಪ್ರಶ್ನೆ (ಮೈಸೂರಿನ ಸದಸ್ಯರು): ಕೊನೆಯದು. ಮೊದಲ ಬಾಲ್ ನೀರಿಗೆ ಬಿದ್ದು, ಮತ್ತೆ ಟೀಯಿಂದ ಹೊಡೆದದ್ದು ಗುಂಡಿಗೆ ಹೋದರೆ ಏಸ್ ತಾನೇ? ಮತ್ತೆ ನೀವು ಹೊಡೆದಿದ್ದೀರಾ?

ಕೋಚ್: ಅಲ್ಲ. ಒಂದು ಹೊಡೆತ, ಒಂದು ಪೆನಾಲ್ಟಿ, ಮೂರನೆಯದು ಒಳಗೆ. ಪಾರ್ 3ರಲ್ಲಿ ಬರೀ ಪಾರ್. ಕುಣಿದಾಡಿ, ಆದರೆ ಕಾರ್ಡಿನಲ್ಲಿ 3 ಬರೆಯಿರಿ.

ನನ್ನ ಕಥೆ: ನಮ್ಮ ಬೆಂಗಳೂರಿನ ಅನಿರ್ಬನ್ ಲಾಹಿರಿ 2012ರ ಬ್ರಿಟನ್ನಿನ ಓಪನ್ ಟೂರ್ನಿಯಲ್ಲಿ, ರಾಯಲ್ ಲಿಥಮ್ ಕೋರ್ಸಿನ 9ನೇ ಹೋಲ್‌ನಲ್ಲಿ ಜಗತ್ತೆಲ್ಲ ನೋಡುತ್ತಿರುವಾಗ ಏಸ್ ಹೊಡೆದರು. ನಾನು ಹೊಡೆದದ್ದು ಒಂದು ಮಂಗಳವಾರ ಸಂಜೆ, ಒಬ್ಬನೇ ಪ್ರಾಕ್ಟೀಸ್ ಮಾಡುವಾಗ, 7 ಐರನ್ ಅನ್ನೋ ಕೋಲಿನಲ್ಲಿ. ಗ್ರೀನ್ ಹತ್ತಿರ ಹುಲ್ಲು ಕತ್ತರಿಸುವ ಮೆಷಿನ್ ಮೇಲೆ ಒಬ್ಬ ಕೂತಿದ್ದ. ಓಡಿ ಹೋಗಿ ‘ನೋಡಿದೆಯಾ?’ ಅಂದೆ. ಕಿವಿಯಿಂದ ಇಯರ್‌ಫೋನ್ ತೆಗೆದು ‘ಏನ್ ಸಾರ್?’ ಅಂದ. ಸಾಕ್ಷಿ ಇಲ್ಲದೆ ಕ್ಲಬ್ ಬೋರ್ಡಿನಲ್ಲಿ ಹೆಸರು ಬರೆಯಲ್ಲ. ಬಾಲ್ ಮನೆಗೆ ತಂದು ಷೋಕೇಸ್‌ನಲ್ಲಿಟ್ಟೆ. ‘ಯಾರು ನೋಡಿದ್ರು?’ ಅಂತ ಹೆಂಡತಿಯೂ ಕೇಳಿದಳು. ಈಗ ಅದು ಅವಳ ಹೊಲಿಗೆ ಡಬ್ಬದಲ್ಲಿದೆ, ಗುಂಡಿಗಳ ಜೊತೆ.